ಉದ್ರಿ ಪುಸ್ತಕ ಕಳುವಾದರೆ ದಂಡ ಯಾರಿಗೆ?

ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ದಾರ ಕಟ್ಟಿದ ಉದ್ದನೆಯ ಪುಸ್ತಕವೊಂದು ಇರುತ್ತಿತ್ತು. ಯಾರದು ಎಷ್ಟು ಉದ್ರಿ, ಯಾರು ಸಂಬಳದ ದಿನವೇ ಬಂದು ಚುಕ್ತಾ ಮಾಡುತ್ತಾರೆ, ಯಾರು ಬಾಕಿ ಬೆಳೆದ ಮೇಲೆ ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟು ಹಿಂದಿನ ಓಣಿ ಹಿಡಿಯುತ್ತಾರೆ, ಎಲ್ಲವೂ ಅದರಿಂದ ಗೊತ್ತಾಗುತ್ತಿತ್ತು. ಇಡೀ ಬೀದಿಯ ಮಾನ ಅದರೊಳಗೆ ಇದ್ದರೂ ಅಂಗಡಿಯವರು ಅದನ್ನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಈಗ ಒಂದು ದೇಶದ ಎಲ್ಲ ಅಂಗಡಿ, ಬ್ಯಾಂಕುಗಳ ಉದ್ರಿ ಪುಸ್ತಕಗಳನ್ನು ಒಟ್ಟಿಗೆ ಹೊಲಿದು ಒಬ್ಬರೇ ಇಟ್ಟುಕೊಂಡಿದ್ದಾರೆ, ಕೇಳಿದವರಿಗೆ ಹಾಳೆಗೆ ಇಷ್ಟು ಎಂದು ಮಾರುತ್ತಿದ್ದಾರೆ ಎಂದು ಭಾವಿಸಿಕೊಳ್ಳಿ. ಕ್ರೆಡಿಟ್ ಬ್ಯೂರೋ ಎಂದರೆ ಇದೇ.

ಅಮೆರಿಕದ ಅಟ್ಲಾಂಟಾ ನಗರದ ಈಕ್ವಿಫ್ಯಾಕ್ಸ್ ಇಂತಹ ಸಂಸ್ಥೆಗಳಲ್ಲಿ ಹಳೆಯದು. 1899ರಲ್ಲಿ ಕೇಟರ್ ಮತ್ತು ಗೈ ವುಲ್ಫರ್ಡ್ ಎಂಬ ಸಹೋದರರು ರೀಟೇಲ್ ಕ್ರೆಡಿಟ್ ಕಂಪನಿ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಯಾರಿಗೆ ಸಾಲ ಕೊಡಬಹುದು, ಯಾರಿಗೆ ಕೊಡಬಾರದು ಎಂದು ವಿಚಾರಿಸಿ ವ್ಯಾಪಾರಿಗಳಿಗೆ ತಿಳಿಸುವುದೇ ಕಸುಬು. 1975ರಲ್ಲಿ ಹೆಸರು ಬದಲಾಯಿತು, ಕಾಗದದ ಕಡತಗಳ ಜಾಗಕ್ಕೆ ಕಂಪ್ಯೂಟರ್ ಬಂತು. ಕಸುಬು ಮಾತ್ರ ಬದಲಾಗಲಿಲ್ಲ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಇದರ ನಿಜವಾದ ಗ್ರಾಹಕರು ಬ್ಯಾಂಕುಗಳು, ಸಾಲ ಕೊಡುವ ಕಂಪನಿಗಳು. ಪುಸ್ತಕದಲ್ಲಿ ಹೆಸರಿರುವ ಸಾಮಾನ್ಯರು ಅದರ ಬಾಗಿಲಿಗೆ ಹೋದವರಲ್ಲ, ‘ನನ್ನ ಲೆಕ್ಕ ಬರೆದಿಟ್ಟುಕೊಳ್ಳಿ’ ಎಂದು ಬೇಡಿದವರೂ ಅಲ್ಲ. ಅಂಗಡಿ ಸರಿಯಿಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗಬಹುದು. ಇಲ್ಲಿ ಹೋಗುವುದೆಲ್ಲಿಗೆ?

2017ರಲ್ಲಿ ಈ ಮಹಾಪುಸ್ತಕ ಕಳುವಾಯಿತು. ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ವೆಬ್‌ಸೈಟುಗಳನ್ನು ಕಟ್ಟಲು ಬಳಸುವ ಅಪಾಚೆ ಸ್ಟ್ರಟ್ಸ್ ಎಂಬ ಉಚಿತ ತಂತ್ರಾಂಶವೊಂದಿದೆ. ಅದರಲ್ಲಿ ಒಂದು ದೊಡ್ಡ ತೂತು ಇರುವುದಾಗಿ 2017ರ ಮಾರ್ಚ್ 7ರಂದು ಪ್ರಕಟವಾಯಿತು. ಜೊತೆಗೆ ಅದನ್ನು ಮುಚ್ಚುವ ತೇಪೆಯೂ ಸಿದ್ಧವಿತ್ತು. (ಕಂಪ್ಯೂಟರಿನವರು ಅದನ್ನು ‘ಪ್ಯಾಚ್’ ಎನ್ನುತ್ತಾರೆ, ನಮ್ಮ ತೇಪೆ ಎಂಬ ಮಾತು ಅದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ.) ತೇಪೆಗೆ ಕಾಸು ಕೊಡಬೇಕಾಗಿರಲಿಲ್ಲ. ಮರುದಿನ ಅಮೆರಿಕ ಸರ್ಕಾರದ ಕಂಪ್ಯೂಟರ್ ಸುರಕ್ಷತಾ ವಿಭಾಗ ಈಕ್ವಿಫ್ಯಾಕ್ಸಿಗೆ ಎಚ್ಚರಿಕೆ ಕಳಿಸಿತು. 9ರಂದು ಕಂಪನಿಯೊಳಗೆ 400ಕ್ಕೂ ಹೆಚ್ಚು ಜನರಿಗೆ ಇ-ಮೇಲ್ ಹೋಯಿತು: 48 ಗಂಟೆಯೊಳಗೆ ತೇಪೆ ಹಾಕಿ. ಆದರೆ ವಿಳಾಸಗಳ ಆ ಪಟ್ಟಿ ಹಳೆಯದಾಗಿತ್ತು. ತೇಪೆ ಹಾಕಬೇಕಾದವರಿಗೇ ಸುದ್ದಿ ಮುಟ್ಟಲಿಲ್ಲ! ಆಮೇಲೆ ತೂತು ಎಲ್ಲಾದರೂ ಉಳಿದಿದೆಯೇ ಎಂದು ಜಾಲಾಡಿಸಿದಾಗಲೂ ಅದು ಕಣ್ಣಿಗೆ ಬೀಳಲಿಲ್ಲ.

ತೂತು ಉಳಿದದ್ದೆಲ್ಲಿ ಗೊತ್ತೇ? ‘ನನ್ನ ಲೆಕ್ಕದಲ್ಲಿ ತಪ್ಪು ಬರೆದಿದ್ದೀರಿ’ ಎಂದು ಜನ ತಕರಾರು ಸಲ್ಲಿಸುವ ಕಿಂಡಿಯಲ್ಲಿ. ಅದರ ಹಿಂದಿದ್ದ ವ್ಯವಸ್ಥೆ 1970ರ ದಶಕದ್ದು.

ಮೇ 13ರಂದು ಕಳ್ಳರು ಅದೇ ಕಿಂಡಿಯಿಂದ ಒಳಹೊಕ್ಕರು. ಒಳಗೆ ಬಳಕೆದಾರರ ಹೆಸರು, ಗುಪ್ತಪದಗಳನ್ನು ಬರೆದಿಟ್ಟ ಕಡತವೊಂದು ಬೀಗವಿಲ್ಲದೆ ಬಿದ್ದಿತ್ತು. ತಿಜೋರಿಯ ಬೀಗದ ಕೈಯನ್ನು ಅದರ ಮೇಲೆಯೇ ಇಟ್ಟ ಹಾಗೆ. ಅದರ ಬಲದಿಂದ ಆ ಕಿಂಡಿಗೆ ಸಂಬಂಧವೇ ಇಲ್ಲದ 48 ದತ್ತಸಂಗ್ರಹಗಳು ತೆರೆದುಕೊಂಡವು. ಕಳ್ಳರು ಸುಮಾರು 9,000 ಸಲ ಪ್ರಶ್ನೆ ಹಾಕಿ ಬೇಕಾದ್ದನ್ನು ಆರಿಸಿಕೊಂಡರು. ಇದು 76 ದಿನ ನಡೆಯಿತು. ಹಾಗಾದರೆ ಕಾವಲಿರಲಿಲ್ಲವೇ? ಇತ್ತು. ಹೋಗಿಬರುವ ಗೂಢಲಿಪಿಯ ಮಾಹಿತಿಯನ್ನು ಬಿಚ್ಚಿ ಪರೀಕ್ಷಿಸುವ ಯಂತ್ರವೊಂದಿತ್ತು. ಅದು ಕೆಲಸ ಮಾಡಲು ಬೇಕಾದ ಡಿಜಿಟಲ್ ಪ್ರಮಾಣಪತ್ರದ ಅವಧಿ ಎಷ್ಟೋ ತಿಂಗಳ ಹಿಂದೆಯೇ ಮುಗಿದಿತ್ತು. ಯಾರೂ ನವೀಕರಿಸಿರಲಿಲ್ಲ. ಹೊಗೆ ಕಂಡರೆ ಕೂಗುವ ಗಂಟೆ ಗೋಡೆಯ ಮೇಲಿದೆ, ಒಳಗಿನ ಬ್ಯಾಟರಿ ಸತ್ತಿದೆ. ಗಂಟೆ ಸುಮ್ಮನಿದೆಯಲ್ಲ, ಬೆಂಕಿಯಿಲ್ಲ ಎಂದು ಮನೆಮಂದಿ ನೆಮ್ಮದಿಯಾಗಿ ಮಲಗಿದ್ದಾರೆ. ಜುಲೈ 29ರಂದು ಹೊಸ ಪ್ರಮಾಣಪತ್ರ ಹಾಕಿದ್ದೇ ತಡ, ಅನುಮಾನದ ಸಂಚಾರ ಕಣ್ಣಿಗೆ ಬಿತ್ತು!

ಜನರಿಗೆ ತಿಳಿಸಿದ್ದು ಅದಾಗಿ 40 ದಿನಕ್ಕೆ, ಸೆಪ್ಟೆಂಬರ್ 7ರಂದು. ಕೊನೆಯ ಲೆಕ್ಕದಲ್ಲಿ ಸುಮಾರು 14.7 ಕೋಟಿ ಅಮೆರಿಕನ್ನರ ಹೆಸರು, ಹುಟ್ಟಿದ ದಿನ, ವಿಳಾಸ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಹೋಗಿತ್ತು. ಹೆಚ್ಚುಕಡಿಮೆ ಅರ್ಧ ದೇಶ. ಗುಪ್ತಪದ ಕಳೆದರೆ ಬದಲಾಯಿಸಬಹುದು. ಹುಟ್ಟಿದ ದಿನವನ್ನು ಬದಲಾಯಿಸುವುದು ಹೇಗೆ? ಇವತ್ತು ಕದ್ದದ್ದು ಹತ್ತು ವರ್ಷದ ನಂತರವೂ ಇನ್ನೊಬ್ಬರ ಹೆಸರಿನಲ್ಲಿ ಸಾಲ ಎತ್ತಲು ಬರುತ್ತದೆ. ಈ ಗಡಿಬಿಡಿಯ ನಡುವೆ ಕಂಪನಿಯ ಟ್ವಿಟರ್ ಖಾತೆಯಿಂದಲೇ ಸಂತ್ರಸ್ತರಿಗೆ ತಪ್ಪು ವೆಬ್ ವಿಳಾಸ ಹೋಯಿತು. ಮೋಸ ಎಷ್ಟು ಸುಲಭ ಎಂದು ತೋರಿಸಲು ಯಾರೋ ಕಟ್ಟಿದ್ದ ನಕಲಿ ತಾಣವದು!

ಮುಖ್ಯಾಧಿಕಾರಿ ರಿಚರ್ಡ್ ಸ್ಮಿತ್ ಸೆಪ್ಟೆಂಬರ್ 26ರಂದು ನಿವೃತ್ತರಾದರು. ಮುಂದಿನ ವಾರ ಅಮೆರಿಕದ ಸಂಸತ್ತಿನ ಸಮಿತಿಯ ಎದುರು, ತೇಪೆಯ ಸುದ್ದಿ ಮುಟ್ಟಿಸಬೇಕಾದ ಒಬ್ಬ ವ್ಯಕ್ತಿ ಅದನ್ನು ಮುಟ್ಟಿಸಲಿಲ್ಲ ಎಂಬ ಅರ್ಥದ ಮಾತಾಡಿದರು. ಪ್ರಯೋಗಶಾಲೆಯಲ್ಲಿ ಆಮ್ಲದ ಬಾಟಲಿ ಬಿದ್ದರೆ ಅಟೆಂಡರನ ಕೈ ಜಾರಿತು ಎಂದು ಬರೆದು ಕಡತ ಮುಚ್ಚಬಹುದು. ಅದನ್ನು ತಲೆಯ ಮೇಲಿನ ಶೆಲ್ಫಿನಲ್ಲಿ ಇರಿಸಿದವರಾರು ಎಂದು ಕೇಳಿದಾಗಲೇ ನಿಜವಾದ ವಿಚಾರಣೆ. ಒಬ್ಬರ ಮರೆವಿನಿಂದ 14.7 ಕೋಟಿ ಜನರ ಹಾಳೆ ಬೀದಿಗೆ ಬೀಳುವಂತಿದ್ದರೆ ದೋಷ ಆ ಮರೆವಿನದ್ದಲ್ಲ, ಅಂತಹ ಮನೆ ಕಟ್ಟಿದವರದ್ದು. 2018ರ ಡಿಸೆಂಬರಿನಲ್ಲಿ ಅಮೆರಿಕ ಸಂಸತ್ತಿನ ಸಮಿತಿಯೂ ಇದು ಪೂರ್ತಿಯಾಗಿ ತಡೆಯಬಹುದಾಗಿದ್ದ ಅನಾಹುತ ಎಂದೇ ವರದಿ ಕೊಟ್ಟಿತು. 2020ರಲ್ಲಿ ಚೀನಾ ಸೇನೆಯ ನಾಲ್ವರ ಮೇಲೆ ಅಮೆರಿಕ ಆರೋಪ ಹೊರಿಸಿತು, ಚೀನಾ ಅಲ್ಲಗಳೆಯಿತು. ಇರಲಿ. ಕಳ್ಳರು ಎಷ್ಟೇ ಬಲಾಢ್ಯರಾಗಿರಲಿ, ಅಗುಳಿ ಹಾಕದೆ ಬಿಟ್ಟ ಬಾಗಿಲಿಗೆ ಅದು ಸಮಜಾಯಿಷಿಯಲ್ಲ.

ಇನ್ನು ದಂಡದ ಲೆಕ್ಕ. 2019ರ ಜುಲೈನಲ್ಲಿ ಒಪ್ಪಂದವಾಯಿತು: ಕನಿಷ್ಠ 57.5 ಕೋಟಿ ಡಾಲರ್, ಗರಿಷ್ಠ 70 ಕೋಟಿ. ಕೇಳಲು ಭಾರಿ ಮೊತ್ತ. ಕನಿಷ್ಠ ಮೊತ್ತವನ್ನೇ ಬಿಡಿಸಿ ನೋಡೋಣ. 17.5 ಕೋಟಿ ರಾಜ್ಯಗಳಿಗೆ, 10 ಕೋಟಿ ಕೇಂದ್ರದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಗೆ. ಉಳಿದ 30 ಕೋಟಿ ಸಂತ್ರಸ್ತರ ನಿಧಿಗೆ. 14.7 ಕೋಟಿ ಜನರಿಗೆ ಭಾಗಿಸಿದರೆ ತಲೆಗೆ 2 ಡಾಲರ್! ಬೇಕಾದವರು 125 ಡಾಲರ್ ನಗದು ಕೇಳಬಹುದು ಎಂದು ಪ್ರಚಾರವಾಯಿತು. ಆದರೆ ಆ ನಗದಿಗೆ ತೆಗೆದಿರಿಸಿದ್ದು 3.1 ಕೋಟಿ ಡಾಲರ್ ಮಾತ್ರ. ಅದು ಸಾಲುವುದು 2 ಲಕ್ಷ 48 ಸಾವಿರ ಜನರಿಗೆ. ಎಲ್ಲರೂ ಕೇಳಿದ್ದರೆ ತಲೆಗೆ 21 ಸೆಂಟ್. ಅರ್ಜಿಗಳ ಮಹಾಪೂರ ಕಂಡು, ನಗದಿನ ಆಸೆ ಬಿಟ್ಟು ಉಚಿತ ‘ಕಣ್ಗಾವಲು’ ಸೇವೆ ಆರಿಸಿಕೊಳ್ಳಿ ಎಂದು ಸರ್ಕಾರದ ಆಯೋಗವೇ ಜನರಿಗೆ ಹೇಳಬೇಕಾಯಿತು. ಆ ಸೇವೆ ಒದಗಿಸಿದ್ದು ಎಕ್ಸ್‌ಪೀರಿಯನ್ ಎಂಬ ಇನ್ನೊಂದು ಕ್ರೆಡಿಟ್ ಬ್ಯೂರೋ.

ಸುದ್ದಿ ಹೊರಬೀಳುವ ಮುನ್ನ ತನ್ನ ಷೇರು ಮಾರಿಕೊಂಡ ಅಧಿಕಾರಿಯೊಬ್ಬನಿಗೆ 4 ತಿಂಗಳ ಸೆರೆವಾಸವಾಯಿತು. ಅದು ಷೇರುಪೇಟೆಗೆ ಮಾಡಿದ ಮೋಸಕ್ಕೆ. ತೇಪೆ ಹಾಕದ್ದಕ್ಕೆ ಯಾರೂ ಸೆರೆಮನೆ ಕಾಣಲಿಲ್ಲ. ಒಂದು ಒಳ್ಳೆಯ ಕೆಲಸವೂ ಆಯಿತೆನ್ನಬೇಕು. ತನ್ನ ಹಾಳೆಯನ್ನು ಯಾರಿಗೂ ತೋರಿಸದಂತೆ ಮುಚ್ಚಿಸಿಡುವ ಹಕ್ಕು 2018ರ ಸೆಪ್ಟೆಂಬರಿನಿಂದ ಅಲ್ಲಿ ಎಲ್ಲರಿಗೂ ಉಚಿತವಾಯಿತು. ಅದಕ್ಕೆ ಮೊದಲು ಎಷ್ಟೋ ಕಡೆ ಇದಕ್ಕೂ ಶುಲ್ಕ ತೆರಬೇಕಿತ್ತು.

ಇದು ದೂರದ ದೇಶದ ಕಥೆ ಎಂದು ಸುಮ್ಮನಿರುವಂತಿಲ್ಲ. ನಮ್ಮಲ್ಲೂ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಇಂತಹ ನಾಲ್ಕು ಸಂಸ್ಥೆಗಳಿವೆ. ಸಿಬಿಲ್ ಹೆಸರು ಎಲ್ಲರಿಗೂ ಗೊತ್ತು, ಈಕ್ವಿಫ್ಯಾಕ್ಸ್‌ನದೂ ಒಂದಿದೆ. 2017ರ ಕಳುವು ಇಲ್ಲಿಯದಲ್ಲ, ನಿಜ. ಆದರೆ ಬೀದರಿನಲ್ಲಿ ಬೈಕಿಗೆ, ಚಾಮರಾಜನಗರದಲ್ಲಿ ಮನೆಗೆ ಬ್ಯಾಂಕಿನಿಂದ ಸಾಲ ಪಡೆದವರ ಹಾಳೆ ಇಂತಹ ಪುಸ್ತಕಗಳಲ್ಲಿ ಇದೆ.

ಅದು ಕಳುವಾದರೆ? ಮಾಹಿತಿ ತಂತ್ರಜ್ಞಾನ ಕಾಯಿದೆಯ 43ಎ ಕಲಮು, ಕಂಪನಿಯ ಅಲಕ್ಷ್ಯದಿಂದ ನಷ್ಟ ಹೊಂದಿದವರಿಗೆ ಪರಿಹಾರ ಕೇಳುವ ದಾರಿ ಇಟ್ಟಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಆ ಕಲಮನ್ನು ತೆಗೆದುಹಾಕಲು ಹೊರಟಿತು. ಹೊಸ ಕಾಯಿದೆಯಲ್ಲಿ ಒಳ್ಳೆಯ ಅಂಶಗಳಿವೆ. ಕಳುವಾದರೆ ಸಂಬಂಧಪಟ್ಟವರಿಗೆ ತಡಮಾಡದೆ ತಿಳಿಸಬೇಕು. ಈಕ್ವಿಫ್ಯಾಕ್ಸಿನಂತೆ 40 ದಿನ ಬಾಯಿ ಮುಚ್ಚಿ ಕೂರುವಂತಿಲ್ಲ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಕೊಟ್ಟಿದ್ದಾರೆ. ಭದ್ರತೆಯಲ್ಲಿ ಅಲಕ್ಷ್ಯ ತೋರಿದರೆ ದಂಡ 250 ಕೋಟಿ ರೂಪಾಯಿವರೆಗೆ. ಈಕ್ವಿಫ್ಯಾಕ್ಸಿನಷ್ಟೇ ದೊಡ್ಡ ಕಳುವು ಇಲ್ಲಾಗಿ, ದಂಡವನ್ನು ಪೂರ್ತಿಯಾಗಿಯೇ ಹಾಕಿದರೂ ತಲೆಗೆ 17 ರೂಪಾಯಿ. ಅದೂ ಸಂತ್ರಸ್ತರ ಕೈಗಲ್ಲ, ಸರ್ಕಾರದ ಬೊಕ್ಕಸಕ್ಕೆ! ಅವರಿಗೆ ಪರಿಹಾರ ಕೊಡಿಸುವ ಏರ್ಪಾಡು ಈ ಕಾಯಿದೆಯಲ್ಲಿಲ್ಲ.

ಇದರ ಜೊತೆ ರಿಸರ್ವ್ ಬ್ಯಾಂಕಿನ 2023ರ ಆದೇಶವೊಂದನ್ನು ಇಟ್ಟು ನೋಡಬೇಕು. ಸಾಲದ ವಿವರದಲ್ಲಿ ತಪ್ಪಿದೆ ಎಂದು ದೂರು ಕೊಟ್ಟು 30 ದಿನದೊಳಗೆ ಅದು ಇತ್ಯರ್ಥವಾಗದಿದ್ದರೆ, ದೂರು ಕೊಟ್ಟವರಿಗೇ ದಿನಕ್ಕೆ 100 ರೂಪಾಯಿ ಪರಿಹಾರ. ತಿದ್ದಲು ತಡವಾದುದಕ್ಕೆ ಬೆಲೆ ಕಟ್ಟಿ ನೊಂದವರ ಕೈಗೆ ಕೊಡಿಸಲು ಸಾಧ್ಯವಿದ್ದರೆ, ಇಡೀ ಹಾಳೆ ಕಳೆದುದಕ್ಕೆ ಏಕೆ ಸಾಧ್ಯವಿಲ್ಲ? ಹಳೆಯ ಕಲಮನ್ನು ತೆಗೆಯಲು ಹೊರಟವರು ಇದಕ್ಕೆ ಉತ್ತರಿಸಬೇಕು.

ಅಲ್ಲಿಯವರೆಗೆ ಕೈಯಲ್ಲಿರುವುದನ್ನು ಬಳಸಿಕೊಳ್ಳಬಹುದು. ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2016ರಲ್ಲೇ ಹೇಳಿದೆ. ತರಿಸಿಕೊಂಡು, ತಾವು ಪಡೆಯದ ಸಾಲ ತಮ್ಮ ಹೆಸರಿನಲ್ಲಿದೆಯೇ ನೋಡಬೇಕು. ಇದ್ದರೆ ಬ್ಯಾಂಕಿಗೂ ಬ್ಯೂರೋಗೂ ಲಿಖಿತ ದೂರು ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. 30 ದಿನದ ಲೆಕ್ಕಕ್ಕೆ ಆ ದಿನಾಂಕವೇ ಆಧಾರ.