ಕಲ್ಲಿನಂಥ ಮೂಳೆ ಮುರಿದಾಗ

ಆಸ್ಟಿಯೋಪೆಟ್ರೋಸಿಸ್ ಇರುವವರ ಮೂಳೆ ಎಕ್ಸ್‌ರೇಯಲ್ಲಿ ಅಚ್ಚ ಬಿಳುಪಾಗಿ, ಕಲ್ಲಿನಷ್ಟು ಗಟ್ಟಿಯಾಗಿ ಕಾಣುತ್ತದೆ. ಆದರೆ ಅದು ಸಣ್ಣ ಏಟಿಗೇ ಮುರಿಯುತ್ತದೆ. ಆರೋಗ್ಯವಂತರಲ್ಲಿ ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಲೇ ಇರುತ್ತವೆ. ಆ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಈ ರೋಗದಲ್ಲಿ ಕರಗಿಸುವ ಕೆಲಸವೇ ಸರಿಯಾಗಿ ನಡೆಯುವುದಿಲ್ಲ. ಹಳೆಯ ಮೂಳೆ ತನ್ನ ಸೂಕ್ಷ್ಮ ಬಿರುಕುಗಳ ಸಮೇತ ಉಳಿದುಬಿಡುತ್ತದೆ, ಅದರ ಮೇಲೆ ಹೊಸದು ಪೇರಿಕೊಳ್ಳುತ್ತದೆ. ಮಜ್ಜೆ ಇರಬೇಕಾದ ಒಳಗಿನ ಟೊಳ್ಳು ಕಿರಿದಾಗುತ್ತ ಕೆಲವೆಡೆ ಮುಚ್ಚಿಯೇ ಹೋಗುತ್ತದೆ. ಹ್ಯಾಂಬರ್ಗಿನ ವೈದ್ಯ ಆಲ್ಬರ್ಸ್-ಶ್ಯೋನ್‌ಬರ್ಗ್ 1904ರಲ್ಲಿ, ಎಕ್ಸ್‌ರೇ ಬಂದು ಹತ್ತು ವರ್ಷ ತುಂಬುವ ಮೊದಲೇ, ಇದನ್ನು ವಿವರಿಸಿದರು.

ಹಸುಗೂಸುಗಳಲ್ಲಿ ಬರುವ ಉಗ್ರ ರೂಪ ಬೇರೆ. ಅದಕ್ಕೆ ಅಸ್ಥಿಮಜ್ಜೆ ಕಸಿ ಬೇಕು. ದೊಡ್ಡವರಲ್ಲಿ ಕಾಣುವ ರೂಪಕ್ಕೆ ಬಹುಪಾಲು ಸಿಎಲ್‌ಸಿಎನ್7 ಎಂಬ ಜೀನ್‌ನ ದೋಷ ಕಾರಣ. ಸುಮಾರು 20,000 ಮಂದಿಯಲ್ಲಿ ಒಬ್ಬರಿಗೆ ಇದು ಇರಬಹುದೆಂಬ ಅಂದಾಜಿದೆ. ಹಲವರಿಗೆ ಮೊದಲ ಸಲ ಕಾಲು ಮುರಿದು ಆಸ್ಪತ್ರೆಗೆ ಹೋದಾಗಲೇ ರೋಗದ ವಿಷಯ ತಿಳಿಯುವುದು.

ಬೆಂಗಳೂರು ಗ್ರಾಮಾಂತರದಲ್ಲಿ ಆಗಲೂ ರೋಗದ ಗುರುತು ತಪ್ಪಿಹೋಗಲು ಒಂದು ಕಾರಣವಿದೆ. ನೆರೆಯ ಕೋಲಾರ, ಚಿಕ್ಕಬಳ್ಳಾಪುರಗಳಂತೆ ಈ ಜಿಲ್ಲೆಯ ಕೆಲವೆಡೆಯೂ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಅದರಿಂದ ಬರುವ ಫ್ಲೋರೋಸಿಸ್‌ನಲ್ಲೂ ಮೂಳೆ ಬಿಳುಪೇರುತ್ತದೆ. ವ್ಯತ್ಯಾಸ ಕಾಣಲು ಕಣ್ಣಿಟ್ಟು ನೋಡಬೇಕು. ಫ್ಲೋರೋಸಿಸ್‌ನಲ್ಲಿ ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುತ್ತದೆ. ಆಸ್ಟಿಯೋಪೆಟ್ರೋಸಿಸ್‌ನಲ್ಲಿ ಬೆನ್ನೆಲುಬಿನ ಪ್ರತಿ ಕಶೇರುವಿನ ಮೇಲಂಚು, ಕೆಳಂಚು ದಟ್ಟವಾಗಿ, ನಡುವೆ ತೆಳುವಾಗಿರುತ್ತದೆ. ಸೊಂಟದ ಮೂಳೆಯೊಳಗೆ ಇನ್ನೊಂದು ಮೂಳೆ ಇದ್ದಂತೆ ಕಾಣುತ್ತದೆ. ನೆಲಮಂಗಲದ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರ ತೊಡೆಯನ್ನಷ್ಟೇ ಎಕ್ಸ್‌ರೇ ತೆಗೆದು ಮುಗಿಸಿದರೆ ಇದೊಂದೂ ಕಣ್ಣಿಗೆ ಬೀಳುವುದಿಲ್ಲ.

ಹೆಚ್ಚು ಮುರಿಯುವುದು ತೊಡೆಮೂಳೆಯ ಮೇಲ್ಭಾಗ. ಬಿರುಕು ಅಡ್ಡಡ್ಡವಾಗಿ, ಸೀಮೆಸುಣ್ಣ ತುಂಡಾದಂತೆ ಇರುತ್ತದೆ. ಮಾಮೂಲಿ ರೋಗಿಗೆ ಇಲ್ಲಿ ಒಳಗಿನ ಟೊಳ್ಳಿನಲ್ಲಿ ರಾಡು ಇಳಿಸುತ್ತಾರೆ. ಟೊಳ್ಳೇ ಇಲ್ಲದ ಮೂಳೆಯಲ್ಲಿ ರಾಡಿಗೆ ದಾರಿಯನ್ನೂ ಕೊರೆದೇ ಮಾಡಬೇಕು, ಬಲವಂತ ಮಾಡಿದರೆ ಮೂಳೆ ಸೀಳುತ್ತದೆ. ಹಾಗಾಗಿ ಅನೇಕ ಶಸ್ತ್ರಚಿಕಿತ್ಸಕರು ಪ್ಲೇಟು, ಸ್ಕ್ರೂಗಳ ಕಡೆಗೆ ವಾಲುತ್ತಾರೆ. ಅದೂ ಸುಲಭವಲ್ಲ. ಡ್ರಿಲ್ಲಿನ ಮೊನೆ ಒಂದೆರಡು ತೂತಿಗೇ ಮೊಂಡಾಗುತ್ತದೆ, ಕೆಲವೊಮ್ಮೆ ಮೂಳೆಯೊಳಗೇ ಮುರಿದು ಉಳಿಯುತ್ತದೆ. ಒತ್ತಿ ಕೊರೆದಷ್ಟೂ ಬಿಸಿ ಏರಿ ಸುತ್ತಲಿನ ಮೂಳೆ ಸಾಯುತ್ತದೆ. ರಕ್ತಸಂಚಾರ ಮೊದಲೇ ಕಡಿಮೆಯಿರುವ ಆ ಜಾಗದಲ್ಲಿ ಸೋಂಕು ಹಿಡಿದರೆ ಬಿಡಿಸುವುದು ಕಷ್ಟ. ಆದ್ದರಿಂದ ನಿಧಾನ ವೇಗದಲ್ಲಿ, ತಣ್ಣನೆಯ ಸಲೈನ್ ಸುರಿಯುತ್ತ, ಆಗಾಗ ಡ್ರಿಲ್ ಹೊರತೆಗೆದು ಪುಡಿ ಒರೆಸುತ್ತ ಕೊರೆಯಬೇಕು. ಸ್ಕ್ರೂ ತಿರುಗಿಸುವ ಮೊದಲು ತೂತಿನೊಳಗೆ ಸ್ಕ್ರೂವಿನ ಸುತ್ತುಗಳನ್ನು (ಥ್ರೆಡ್) ಕೊರೆಯಬೇಕು, ಇಲ್ಲವಾದರೆ ಸ್ಕ್ರೂವಿನ ತಲೆಯೇ ಕಿತ್ತುಬರುತ್ತದೆ. ಪ್ಲೇಟು ಉದ್ದವಿರಬೇಕು, ಗಿಡ್ಡ ಪ್ಲೇಟಿನ ಕೊನೆಯಲ್ಲೇ ಮುಂದೆ ಮತ್ತೆ ಮುರಿಯುವುದುಂಟು. ಮಜ್ಜೆ ಕಡಿಮೆಯಾದ ರೋಗಿಗೆ ರಕ್ತಹೀನತೆಯೂ ಇರಬಹುದಾದ್ದರಿಂದ ರಕ್ತ ಸಿದ್ಧವಿರಬೇಕು.

ಇಷ್ಟನ್ನೂ ರಾತ್ರೋರಾತ್ರಿ ಹೊಂದಿಸಲಾಗದು, ಹೊಂದಿಸಬೇಕಾಗಿಯೂ ಇಲ್ಲ. ಚರ್ಮ ಹರಿಯದ, ರಕ್ತನಾಳಕ್ಕೆ ಪೆಟ್ಟಾಗದ ಮುರಿತವಾದರೆ ಕಾಲಿಗೆ ತೂಕ ಕಟ್ಟಿ ಕೆಲವು ದಿನ ಕಾಯಬಹುದು. ದೇವನಹಳ್ಳಿ, ಹೊಸಕೋಟೆಗಳ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಾಗಲಿ, ಬೆಂಗಳೂರು ಜಯನಗರದ ಸಂಜಯ್ ಗಾಂಧಿ ಮೂಳೆ ಚಿಕಿತ್ಸಾ ಸಂಸ್ಥೆಯಲ್ಲಾಗಲಿ, ಸಲಕರಣೆಯ ಪಟ್ಟಿ ಮುಂಚೆಯೇ ಹಾಕಿಕೊಂಡು ಮಾಡುವ ಆಪರೇಷನ್ನೇ ಒಳ್ಳೆಯದು. ತುಂಡುಗಳು ಜಾಗ ಬಿಟ್ಟು ಸರಿಯದ ಮುರಿತಕ್ಕೆ ಪ್ಲಾಸ್ಟರ್ ಸಾಕಾಗಬಹುದು. ಆದರೆ ತೊಡೆಮೂಳೆಯ ಕತ್ತು ಮುರಿದವರು ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸಿಕೊಂಡು ತಿಂಗಳುಗಟ್ಟಲೆ ಮಲಗಿದರೆ ಮೂಳೆ ಕೂಡದೆಯೇ ಉಳಿಯುವ, ಸೊಂಟದ ಬಳಿ ಬಾಗುವ ಅಪಾಯ ದೊಡ್ಡದು.

ಚೆನ್ನಾಗಿ ಜೋಡಿಸಿದ ಮೇಲೂ ಕೂಡಿಕೊಳ್ಳಲು ಮಾಮೂಲಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಎಕ್ಸ್‌ರೇ ನೋಡದೆ ಕಾಲಿಗೆ ಪೂರ್ತಿ ಭಾರ ಹಾಕಬಾರದು. ತೊಂದರೆ ಕೊಡದ ಪ್ಲೇಟನ್ನು ತೆಗೆಸುವ ಗೋಜಿಗೂ ಹೋಗಬಾರದು. ತೆಗೆಯುವಾಗಲೇ ಸ್ಕ್ರೂ ಅಥವಾ ಮೂಳೆ ಮುರಿದೀತು. ಮೂಳೆ ಸವೆತಕ್ಕೆ ಕೊಡುವ ಜೋಲೆಡ್ರೋನೇಟ್‌ನಂಥ ಇಂಜೆಕ್ಷನ್ ಇವರಿಗೆ ಸಲ್ಲದು. ಆ ಔಷಧ ತಡೆಯುವುದು ಆಸ್ಟಿಯೋಕ್ಲಾಸ್ಟನ್ನೇ. ಹಲ್ಲು ಕೀಳಿಸುವಾಗಲೂ ರೋಗದ ವಿಷಯ ಹೇಳಬೇಕು, ಏಕೆಂದರೆ ದವಡೆ ಮೂಳೆಗೆ ಸೋಂಕು ಬೇಗ ಹತ್ತುತ್ತದೆ.

ಕೇಂದ್ರದ 2021ರ ಅಪರೂಪದ ರೋಗಗಳ ನೀತಿಯಲ್ಲಿ ಆಸ್ಟಿಯೋಪೆಟ್ರೋಸಿಸ್ ಸೇರಿದೆ, ಆದರೆ ಕಸಿಯಿಂದ ಗುಣವಾಗಬಲ್ಲ ರೋಗಗಳ ಸಾಲಿನಲ್ಲಿ. ಮತ್ತೆ ಮತ್ತೆ ಕಾಲು ಮುರಿದುಕೊಳ್ಳುವ ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರನಿಗೆ ಬೇಕಾದದ್ದು ಕಸಿಯಲ್ಲ, ಒಳ್ಳೆಯ ಆಪರೇಷನ್ ಮತ್ತು ಅದಾದ ಮೇಲಿನ ತಿಂಗಳುಗಳ ಕೂಲಿ. ನೀತಿ ಅವನತ್ತಲೂ ನೋಡಬೇಕು. ಅವನ ಪ್ರತಿ ಮಗುವಿಗೂ ಈ ಜೀನ್ ದೋಷ ಬರುವ ಸಾಧ್ಯತೆ ಶೇ. 50, ಹಾಗಾಗಿ ಮೊದಲ ಮುರಿತದಲ್ಲೇ ರೋಗ ಗುರುತಿಸಿದ ವೈದ್ಯರು ಮನೆಯವರನ್ನೂ ಪರೀಕ್ಷೆಗೆ ಕರೆಯಬೇಕು. ಜೀನ್ ಪರೀಕ್ಷೆ, ಸಲಹೆಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮಾನವ ಆನುವಂಶಿಕ ಕೇಂದ್ರವಿದೆ.