ಯುದ್ಧಸೆರೆಯ ಬಾಲಕರು ಮತ್ತು ನಮ್ಮ ಪ್ರಾರ್ಥನೆ

ಆಗಸ್ಟ್ ತಿಂಗಳ ಎರಡನೆಯ ಭಾನುವಾರವನ್ನು ಭಾರತದ ಧರ್ಮಸಭೆಯು ಸೆರೆವಾಸಿಗಳ ಸೇವೆಗಾಗಿ ಮೀಸಲಿರಿಸಿದೆ. ಸೆರೆಯಲ್ಲಿರುವವರನ್ನು ಸಂದರ್ಶಿಸುವುದು ದಯಾಕಾರ್ಯಗಳಲ್ಲೊಂದೆಂದು ಧರ್ಮೋಪದೇಶದ ತರಗತಿಯಲ್ಲಿಯೇ ಕಲಿತವರು ನಾವು. ಆದರೆ ಯುದ್ಧಕಾಲದ ಸೇನಾ ಸೆರೆಮನೆಗಳಿಗೆ ನಮ್ಮ ಪ್ರಾರ್ಥನೆಯೊಳಗೆ ಸ್ಥಳವಿದೆಯೇ? ಭಯೋತ್ಪಾದಕರೆಂಬ ಶಂಕೆಯಿಂದ ಅಲ್ಲಿ ಕೂಡಿಹಾಕಲ್ಪಟ್ಟವರು ಹದಿನೈದು ಹದಿನಾರರ ಬಾಲಕರಾಗಿದ್ದು, ಅನ್ಯಧರ್ಮೀಯರೂ ಆಗಿದ್ದರೆ, ಅವರಿಗಾಗಿ ಪ್ರಾರ್ಥಿಸಲು ನಾವು ಹಿಂಜರಿಯುತ್ತೇವೆ. ಈ ಹಿಂಜರಿಕೆಯು ಕ್ರೈಸ್ತ ವಿಶ್ವಾಸಕ್ಕೆ ಒಪ್ಪುವಂಥದಲ್ಲವೆಂಬುದು ನಮ್ಮ ಅಭಿಪ್ರಾಯ.

ಕ್ಯೂಬಾ ದ್ವೀಪದಲ್ಲಿರುವ ಅಮೆರಿಕದ ಗ್ವಾಂಟಾನಮೋ ನೌಕಾನೆಲೆಯಲ್ಲಿ 2002ರ ಜನವರಿಯಲ್ಲಿ ಸೇನಾ ಸೆರೆಮನೆಯೊಂದು ಆರಂಭವಾಯಿತು. ಅಲ್ಲಿಗೆ ಒಟ್ಟು ಸುಮಾರು 780 ಮಂದಿ ಬಂದಿಗಳನ್ನು ತರಲಾಯಿತು. ಇವರಲ್ಲಿ ಹದಿನೆಂಟು ತುಂಬುವ ಮೊದಲೇ ಸೆರೆಸಿಕ್ಕವರ ಸಂಖ್ಯೆಯನ್ನು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಗೆ ತಿಳಿಸುವಾಗ ಅಮೆರಿಕವು ಮೊದಲು 8 ಎಂದಿತು. 2008ರ ನವೆಂಬರಿನಲ್ಲಿ ಅದನ್ನು 12 ಎಂದು ತಿದ್ದಿಕೊಂಡಿತು. ತನ್ನ ಬಂದಿಗಳಲ್ಲಿ ಮಕ್ಕಳೆಷ್ಟು ಎಂಬುದು ಅಷ್ಟು ದೊಡ್ಡ ಸೇನೆಗೆ ಆರು ವರ್ಷ ಕಳೆದರೂ ಖಚಿತವಿರಲಿಲ್ಲ!

ಆ ಮಕ್ಕಳಲ್ಲೊಬ್ಬನು ಮೊಹಮ್ಮದ್ ಜವಾದ್. 2002ರ ಡಿಸೆಂಬರ್ 17ರಂದು ಕಾಬೂಲಿನಲ್ಲಿ ಅಮೆರಿಕದ ಸೇನಾ ವಾಹನವೊಂದರ ಮೇಲೆ ಕೈಬಾಂಬ್ ಎಸೆಯಲಾಯಿತು. ಇಬ್ಬರು ಸೈನಿಕರೂ ಅವರ ಅಫ್ಘನ್ ದುಭಾಷಿಯೂ ಗಾಯಗೊಂಡರು. ಅಫ್ಘನ್ ಪೊಲೀಸರು ಜವಾದನನ್ನು ಹಿಡಿದು ತಪ್ಪೊಪ್ಪಿಗೆಯೊಂದಕ್ಕೆ ಹೆಬ್ಬೆರಳು ಒತ್ತಿಸಿಕೊಂಡರು. ಪಷ್ತೋ ಮಾತನಾಡುವ, ಓದುಬರಹ ಬಾರದ ಹುಡುಗನ ಆ ತಪ್ಪೊಪ್ಪಿಗೆ ಇದ್ದದ್ದು ಪಾರಸಿ ಭಾಷೆಯಲ್ಲಿ! ಆತನಿಗಾಗ ಸುಮಾರು ಹನ್ನೆರಡು ವರ್ಷವೆಂದು ಮನೆಯವರ ಹೇಳಿಕೆ. ಮೂಳೆಗಳ ಪರೀಕ್ಷೆಯನ್ನಾಧರಿಸಿ ಹದಿನೇಳರ ಸುಮಾರು ಎಂದು ಸೇನೆಯ ವಾದ. ನಮ್ಮ ಮಕ್ಕಳ ಜನ್ಮದಿನವನ್ನು ಧರ್ಮಕೇಂದ್ರದ ದೀಕ್ಷಾಸ್ನಾನದ ಪುಸ್ತಕವೇ ಹೇಳುತ್ತದೆ. ತಲೆಮಾರುಗಳಿಂದ ನಾವು ಅದರ ಪ್ರತಿಯನ್ನು ಶಾಲೆಗೂ ಕಚೇರಿಗೂ ಹಿಡಿದುಕೊಂಡು ಹೋಗಿದ್ದೇವೆ. ಆ ಬಡ ಬಾಲಕನಿಗೆ ಅಂಥದೊಂದು ಹಾಳೆಯೂ ಇರಲಿಲ್ಲ. ವಯಸ್ಸು ಸಂದೇಹಾಸ್ಪದವಾಗಿದ್ದಾಗ ಸಂದೇಹದ ಲಾಭವು ಬಾಲಕನಿಗೆ ಸಲ್ಲಬೇಕಲ್ಲವೇ? ಇಲ್ಲಿ ಅದು ಸೆರೆಮನೆಗೆ ಸಂದಿತು.

ಬಗ್ರಾಮ್ ಸೇನಾನೆಲೆಯಿಂದ 2003ರ ಫೆಬ್ರುವರಿಯಲ್ಲಿ ಜವಾದನನ್ನು ಗ್ವಾಂಟಾನಮೋಗೆ ಒಯ್ದರು. ಅದೇ ವರ್ಷದ ಡಿಸೆಂಬರ್ 25ರಂದು, ಲೋಕವೆಲ್ಲ ಗೋದಲಿಯ ಮುಂದೆ ಮೊಣಕಾಲೂರಿದ್ದ ದಿನ, ಆತನು ಗೋಡೆಗೆ ತಲೆ ಚಚ್ಚಿಕೊಂಡು ಪ್ರಾಣ ಕಳೆದುಕೊಳ್ಳಲು ಯತ್ನಿಸಿದನೆಂದು ಸೆರೆಮನೆಯ ದಾಖಲೆಯೇ ನುಡಿಯುತ್ತದೆ. 2004ರ ಮೇ ತಿಂಗಳಲ್ಲಿ, 14 ದಿನಗಳ ಅವಧಿಯಲ್ಲಿ, ಆತನನ್ನು 112 ಬಾರಿ ಒಂದು ಕೋಣೆಯಿಂದ ಮತ್ತೊಂದಕ್ಕೆ ಸ್ಥಳಾಂತರಿಸಿದರು. ಹಗಲಿರುಳೆನ್ನದೆ ಸುಮಾರು ಮೂರು ಗಂಟೆಗೊಮ್ಮೆ ಸರಪಳಿ ತೊಡಿಸಿ ಎಬ್ಬಿಸುವುದು. ನಿದ್ರೆಗೆ ಅವಕಾಶ ಕೊಡದಿರುವುದೇ ಇದರ ಉದ್ದೇಶ.

ಮಕ್ಕಳನ್ನು ಹೇಗೆ ನಡೆಸಿಕೊಳ್ಳಬೇಕೆಂಬುದು ಆ ಸೇನೆಗೆ ತಿಳಿದಿರಲಿಲ್ಲವೆನ್ನುವಂತಿಲ್ಲ. ಅದೇ ನೆಲೆಯಲ್ಲಿ ಇನ್ನೂ ಚಿಕ್ಕವರಾಗಿದ್ದ ಮೂವರು ಅಫ್ಘನ್ ಬಾಲಕರನ್ನು ಕಡಲು ಕಾಣುವ ಪ್ರತ್ಯೇಕ ಮನೆಯಲ್ಲಿಟ್ಟು, ಓದುಬರಹ ಕಲಿಸಿ, ಆಟವಾಡಲು ಬಿಟ್ಟು, 2004ರ ಜನವರಿಯಲ್ಲಿ ಊರಿಗೆ ಕಳುಹಿಸಲಾಗಿತ್ತು. ಹದಿನಾರು ದಾಟಿದವರೆಂದು ತಾನು ಬಗೆದವರನ್ನು ಮಾತ್ರ ಸೇನೆಯು ವಯಸ್ಕರ ಗುಂಪಿಗೆ ಸೇರಿಸಿತು.

ಜವಾದನ ಮೇಲಿನ ಮೊಕದ್ದಮೆಯನ್ನು ಸೇನೆಯ ಪರವಾಗಿ ನಡೆಸುವ ಹೊಣೆ ಲೆಫ್ಟಿನೆಂಟ್ ಕರ್ನಲ್ ಡಾರೆಲ್ ವಾಂಡೆವೆಲ್ಡ್ ಎಂಬವರ ಪಾಲಿಗೆ ಬಂದಿತು. ಅವರು ಶ್ರದ್ಧಾವಂತ ಕಥೋಲಿಕರು. ಇರಾಕಿನಲ್ಲಿಯೂ ಅಫ್ಘಾನಿಸ್ತಾನದಲ್ಲಿಯೂ ಸೇವೆ ಸಲ್ಲಿಸಿದವರು. ಬಾಲಕನ ದೂರುಗಳನ್ನು ಆರಂಭದಲ್ಲಿ ಅವರು ನಂಬಲಿಲ್ಲ. ಬಳಿಕ, ಬಗ್ರಾಮಿನಲ್ಲಿ ತನಗಾದ ಹಿಂಸೆಯ ಕುರಿತು ಜವಾದನು ಬಹಳ ಹಿಂದೆಯೇ ನೀಡಿದ್ದ ಹೇಳಿಕೆಯೊಂದು ಅವರ ಕಣ್ಣಿಗೆ ಬಿದ್ದಿತು. ಪ್ರತಿವಾದಿಗೆ ಒಪ್ಪಿಸಬೇಕಾದ ಕಾಗದಪತ್ರಗಳು ಒಪ್ಪವಾಗಿಲ್ಲದ್ದೂ, ಕೆಲವು ದೊರೆಯದೇ ಇದ್ದದ್ದೂ ಅವರನ್ನು ಕಲಕಿತು. ಶಾಂತಿಕಾರ್ಯದಲ್ಲಿ ಹೆಸರಾಗಿದ್ದ, ಆಗ ಯೇಸುಸಭೆಯ ಗುರುಗಳಾಗಿದ್ದ ಜಾನ್ ಡಿಯರ್ ಅವರಿಗೆ ಪತ್ರ ಬರೆದು ಸಲಹೆ ಕೇಳಿದರು. ಆ ಕೆಲಸವನ್ನು ತ್ಯಜಿಸಿರೆಂದು ಗುರುಗಳ ಉತ್ತರ ಬಂದಿತು. 2008ರ ಸೆಪ್ಟೆಂಬರಿನಲ್ಲಿ ವಾಂಡೆವೆಲ್ಡ್ ಆ ಹೊಣೆಯಿಂದ ಹೊರಬಂದರು. ಅಷ್ಟಕ್ಕೇ ನಿಲ್ಲದೆ, 2009ರ ಜನವರಿಯಲ್ಲಿ ಅದೇ ಬಾಲಕನ ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಪ್ರಮಾಣಪೂರ್ವಕ ಹೇಳಿಕೆಯನ್ನೂ ಸಲ್ಲಿಸಿದರು. ಪಾಪನಿವೇದನೆಗೆ ಮುನ್ನ ಮನಸ್ಸಾಕ್ಷಿಯನ್ನು ಪರಿಶೋಧಿಸಿಕೊಳ್ಳಬೇಕೆಂದು ಬಾಲ್ಯದಿಂದ ಕಲಿಯುವ ನಾವು, ಹುದ್ದೆಗೆ ಮುಳುವಾಗುವ ಹೊತ್ತಿನಲ್ಲಿ ಎಷ್ಟು ಮಂದಿ ಹಾಗೆ ಮಾಡುತ್ತೇವೆ?

2008ರ ಅಕ್ಟೋಬರಿನಲ್ಲಿ ಸೇನಾ ನ್ಯಾಯಾಧೀಶರೇ ಕಾಬೂಲಿನ ತಪ್ಪೊಪ್ಪಿಗೆಯನ್ನು ತಳ್ಳಿಹಾಕಿದರು. ಆತನನ್ನೂ ಆತನ ಕುಟುಂಬವನ್ನೂ ಕೊಲ್ಲುವುದಾಗಿ ಬೆದರಿಸಿ ಪಡೆದುದರಿಂದ ಅದು ಚಿತ್ರಹಿಂಸೆಯ ಫಲವೆಂಬುದು ಅವರ ತೀರ್ಮಾನವಾಗಿತ್ತು. 2009ರ ಜುಲೈ 30ರಂದು ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಧೀಶೆ ಎಲೆನ್ ಹುವೆಲ್ ಬಿಡುಗಡೆಯ ಆದೇಶ ನೀಡಿದರು. ಆಗಸ್ಟಿನಲ್ಲಿ ಜವಾದನು ತಾಯ್ನಾಡಿಗೆ ಮರಳಿದನು. ಸೆರೆಯಲ್ಲಿ ಕಳೆದದ್ದು ಆರೂವರೆ ವರ್ಷ.

ಜವಾದನು ನಿರಪರಾಧಿಯಾಗಿದ್ದಿರಬಹುದು, ನಿಜವಾಗಿಯೂ ಕೊಂದವನ ಗತಿಯೇನೆಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕೆನಡಾದಲ್ಲಿ ಹುಟ್ಟಿದ ಓಮರ್ ಖದರ್ 2002ರ ಜುಲೈ 27ರಂದು ಅಫ್ಘಾನಿಸ್ತಾನದಲ್ಲಿ ನಡೆದ ಕಾಳಗದಲ್ಲಿ ಸೆರೆಸಿಕ್ಕಾಗ ಆತನಿಗೆ 15 ವರ್ಷ. ಅಲ್ ಖೈದಾದ ನಂಟಿದ್ದ ತಂದೆಯೇ ಮಗನನ್ನು ಅಲ್ಲಿಗೆ ಕರೆದೊಯ್ದಿದ್ದನು. ಹುಡುಗನ ಮೈಗೆ ಗುಂಡು ಹೊಕ್ಕಿತ್ತು, ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ಕೈಬಾಂಬ್ ಎಸೆದು ಸಾರ್ಜೆಂಟ್ ಕ್ರಿಸ್ಟೋಫರ್ ಸ್ಪಿಯರ್ ಎಂಬ ಸೈನಿಕನನ್ನು ಕೊಂದನೆಂಬುದು ಆತನ ಮೇಲಿದ್ದ ಆರೋಪ. ಆ ಸೈನಿಕನಿಗೂ ಪತ್ನಿಯೂ ಇಬ್ಬರು ಎಳೆಯ ಮಕ್ಕಳೂ ಇದ್ದರು. ಅವರ ಕಣ್ಣೀರನ್ನು ನಾವು ಲಘುವೆಂದು ಬಗೆಯುವುದಿಲ್ಲ. 2010ರಲ್ಲಿ ಖದರ್ ತಪ್ಪೊಪ್ಪಿಕೊಂಡನು. ಗ್ವಾಂಟಾನಮೋದಿಂದ ಹೊರಬೀಳಲು ಬೇರೆ ದಾರಿಯಿರಲಿಲ್ಲವೆಂದು ಮುಂದೆ ಹೇಳಿದನು. ಆತನ ಹಕ್ಕುಗಳು ಉಲ್ಲಂಘನೆಯಾದುದರಲ್ಲಿ ಕೆನಡಾದ ಪಾಲೂ ಇತ್ತೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಹೇಳಿತು. 2017ರಲ್ಲಿ ಸರಕಾರವು ಕ್ಷಮೆ ಕೇಳಿತು.

ಆರೋಪವು ಸತ್ಯವೆಂದೇ ಇಟ್ಟುಕೊಳ್ಳೋಣ. ಹದಿನೈದರ ಮಗನನ್ನು ಯುದ್ಧರಂಗಕ್ಕೆ ಒಯ್ದ ಹಿರಿಯರ ಅಪರಾಧವನ್ನು ಮಗನ ತಲೆಗೆ ಕಟ್ಟುವುದು ಯಾವ ನ್ಯಾಯ? ಸಶಸ್ತ್ರ ಸಂಘರ್ಷಗಳಲ್ಲಿ ಸಿಲುಕಿದ ಮಕ್ಕಳಿಗೆ ಪುನರ್ವಸತಿ ಒದಗಿಸಬೇಕೆನ್ನುವ ಅಂತರರಾಷ್ಟ್ರೀಯ ಒಪ್ಪಂದವನ್ನು ಪವಿತ್ರ ಪೀಠವು 2001ರಲ್ಲಿಯೇ ಸ್ಥಿರೀಕರಿಸಿತು. ಅಮೆರಿಕವೂ 2002ರ ಡಿಸೆಂಬರ್ 23ರಂದು, ಅಂದರೆ ಜವಾದ್ ಸೆರೆಸಿಕ್ಕ ಆರನೆಯ ದಿನ, ಅದನ್ನು ಸ್ಥಿರೀಕರಿಸಿತ್ತು. ಇನ್ನು ನಮ್ಮದೇ ಧರ್ಮಸಭೆಯ ಕಾನೂನು ಸಂಹಿತೆಯ 1323ನೆಯ ವಿಧಿಯನ್ನು ನೋಡಿರಿ: ಹದಿನಾರು ತುಂಬದವರು ಧರ್ಮಸಭೆಯ ದಂಡನೆಗೆ ಒಳಪಡುವುದಿಲ್ಲ. ಹದಿನಾರು ತುಂಬಿದ ಅಪ್ರಾಪ್ತರಿಗೆ ದಂಡನೆಯನ್ನು ಹಗುರಗೊಳಿಸಬೇಕೆಂಬುದು ಅದರ ಮುಂದಿನ ವಿಧಿ. ದಿವಂಗತ ಪರಿಶುದ್ಧ ಪಿತಾ ಫ್ರಾನ್ಸಿಸರು 2021ರಲ್ಲಿ ದಂಡನೆಗಳ ಭಾಗವನ್ನು ಬಿಗಿಗೊಳಿಸಿ ಪರಿಷ್ಕರಿಸಿದಾಗಲೂ ಈ ವಿನಾಯಿತಿಯನ್ನು ತೆಗೆಯಲಿಲ್ಲ. ನಮ್ಮ ಸ್ವಂತ ಮಕ್ಕಳಿಗೆ ಮಾತೃಸಭೆಯು ತೋರುವ ಈ ವಿವೇಚನೆಯು ಪರರ ಮಕ್ಕಳಿಗೆ ಅನ್ವಯಿಸದೆಂದು ನಾವು ಹೇಗೆ ಹೇಳಬಲ್ಲೆವು?

ಧರ್ಮಕೇಂದ್ರಗಳಲ್ಲಿ ವಿಶ್ವಾಸಿಗಳ ಪ್ರಾರ್ಥನೆಯನ್ನು ಸಿದ್ಧಪಡಿಸುವವರಲ್ಲಿ ನಮ್ಮದೊಂದು ಅರಿಕೆ: ಸೆರೆವಾಸಿಗಳ ಭಾನುವಾರದಂದು ಯುದ್ಧಸೆರೆಯಲ್ಲಿರುವ ಮಕ್ಕಳಿಗಾಗಿ ಒಂದು ವಾಕ್ಯವನ್ನು ಸೇರಿಸಿರಿ. ಕೆನಡಾದ ಎಡ್ಮಂಟನ್ ನಗರದಲ್ಲಿ ಕಿಂಗ್ಸ್ ಯೂನಿವರ್ಸಿಟಿ ಎಂಬ ಕ್ರೈಸ್ತ ವಿದ್ಯಾಸಂಸ್ಥೆಯಿದೆ, ಕಥೋಲಿಕರದಲ್ಲ. ಖದರನ ವಕೀಲರ ಮಾತು ಕೇಳಿದ ಅಲ್ಲಿಯ ಅಧ್ಯಾಪಕರು ಆತನಿಗೆ ಪತ್ರ ಬರೆಯತೊಡಗಿದರು, ಪಾಠಗಳನ್ನು ಸಿದ್ಧಪಡಿಸಿದರು. 2012ರಲ್ಲಿ ಆತನನ್ನು ಕೆನಡಾದ ಸೆರೆಮನೆಗೆ ತಂದ ಮೇಲೆ ಅಲ್ಲಿಗೇ ಹೋಗಿ ಕಲಿಸಿದರು. 2015ರ ಮೇ ತಿಂಗಳಲ್ಲಿ ಜಾಮೀನಿನ ಮೇಲೆ ಆತನು ಹೊರಬಂದಾಗ ತನ್ನ ಮನೆಯಲ್ಲಿರಿಸಿಕೊಂಡವರು ಆತನ ವಕೀಲರೇ ಆದ ಡೆನಿಸ್ ಎಡ್ನಿ.