ಮಾರಬಾರದ ಮದ್ದಿಗೆ ಬಂಡವಾಳ ಹಾಕುವವರು ಯಾರು?

ಅಮೆರಿಕದ ಅಕೇಯೋಜೆನ್ ಕಂಪನಿಯ ಪ್ಲಾಜೋಮೈಸಿನ್‌ಗೆ ಅಲ್ಲಿನ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದ್ದು 2018ರ ಜೂನ್‌ನಲ್ಲಿ. ಬೇರೆ ಔಷಧಕ್ಕೆ ಬಗ್ಗದ ಮೂತ್ರನಾಳದ ಸೋಂಕಿಗೆ ಕೊಡುವ ಇಂಜೆಕ್ಷನ್ ಅದು. ಮರುವರ್ಷ ಏಪ್ರಿಲ್‌ನಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಅದರ ಲೆಕ್ಕ ಸರಳ. ಬಿಪಿ ಮಾತ್ರೆಯನ್ನು ರೋಗಿ ಬದುಕಿರುವಷ್ಟು ದಿನ ನುಂಗುತ್ತಾನೆ, ಆ್ಯಂಟಿಬಯೋಟಿಕ್ ಒಂದು ವಾರದ ಮಾತು. ಹೊಸದಾದರೆ ಅದೂ ಇಲ್ಲ. ರೋಗಾಣು ಅದಕ್ಕೂ ಒಗ್ಗಿಕೊಳ್ಳಬಾರದೆಂದು ವೈದ್ಯರು ಕೊನೆಯ ಅಸ್ತ್ರವಾಗಿ ಎತ್ತಿಡುತ್ತಾರೆ. ಪಕ್ಕದಲ್ಲಿ ಅಗ್ಗದ ಜೆನೆರಿಕ್‌ಗಳು ಇದ್ದೇ ಇರುತ್ತವೆ.

2012ರ ಕಾಯ್ದೆಯೊಂದರಲ್ಲಿ ಅಮೆರಿಕ ಇಂಥ ಔಷಧಗಳಿಗೆ ಐದು ವರ್ಷ ಹೆಚ್ಚುವರಿ ಏಕಸ್ವಾಮ್ಯ ಕೊಟ್ಟಿತ್ತು. ಗಿರಾಕಿಯೇ ಬರದ ಅಂಗಡಿಗೆ ಪೈಪೋಟಿ ಇಲ್ಲದಿದ್ದರೇನು ಬಂತು?

ಇಂಗ್ಲೆಂಡ್ 2022ರಲ್ಲಿ ಬೇರೆ ದಾರಿ ಹಿಡಿಯಿತು. ಎರಡು ಔಷಧಗಳಿಗೆ, ಎಷ್ಟೇ ಬಳಕೆಯಾಗಲಿ, ವರ್ಷಕ್ಕೆ ತಲಾ ಒಂದು ಕೋಟಿ ಪೌಂಡ್‌ವರೆಗೆ ಚಂದಾ. ಹೆಚ್ಚು ಮಾರಿದರೆ ಹೆಚ್ಚು ಲಾಭ ಎಂಬ ಆಸೆಯೇ ಅಲ್ಲಿಲ್ಲ. ಈ ಯೋಜನೆಯ ಜಾಣತನ ಇರುವುದೇ ಅದರಲ್ಲಿ. ಆದರೆ ಆ ಔಷಧಗಳು ಅದಾಗಲೇ ಮಾರುಕಟ್ಟೆಯಲ್ಲಿದ್ದವು, ದುಡ್ಡು ಹೋಗಿದ್ದು ಫೈಜರ್, ಶಿಯೊನೊಗಿಯಂಥ ದೊಡ್ಡ ಕುಳಗಳಿಗೆ. ತೆರಿಗೆದಾರ ಗೊಣಗಿದರೆ ತಪ್ಪೆನ್ನಲಾಗದು.

ನಮ್ಮಲ್ಲಿ ಕಥೆ ತಿರುವುಮುರುವು. ಒಂದೇ ಅಮಾಕ್ಸಿಸಿಲಿನ್ ಅನ್ನು ಹತ್ತಾರು ಕಂಪನಿಗಳು ತಯಾರಿಸುವುದರಿಂದಲೇ ನ್ಯುಮೋನಿಯಾ ಬಂದ ಬಡವರ ಮಗುವಿಗೂ ಅದು ಸಿಗುತ್ತದೆ. ಪೈಪೋಟಿಯನ್ನು ಬೈಯುವವರು ಇದನ್ನು ಮರೆಯಬಾರದು. ಅದೇ ಪೈಪೋಟಿ ಮೆಡಿಕಲ್ ರೆಪ್‌ಗಳನ್ನು ಕ್ಲಿನಿಕ್ಕಿನ ಬಾಗಿಲಲ್ಲಿ ಸಾಲಾಗಿ ಕೂರಿಸುತ್ತದೆ. ಸ್ಟ್ರಿಪ್ಪಿನ ಮೇಲೆ ಎದ್ದು ಕಾಣುವ ಕೆಂಪು ಗೆರೆಯಿದ್ದರೂ, ಚೀಟಿ ಕೇಳದೆ ನಾಲ್ಕೇ ಮಾತ್ರೆ ಕತ್ತರಿಸಿ ಕೊಡುವ ಅಂಗಡಿ ಯಾವ ಊರಲ್ಲಿಲ್ಲ?

ಸಂಶೋಧನೆಯ ಬರ ಬೆಂಗಳೂರಿಗೂ ತಟ್ಟಿದೆ. ಆಸ್ಟ್ರಾಜೆನೆಕಾ 2014ರಲ್ಲಿ ಇಲ್ಲಿನ ಸಂಶೋಧನಾ ಕೇಂದ್ರ ಮುಚ್ಚಿತು. ಅಲ್ಲಿದ್ದ ವಿಜ್ಞಾನಿಗಳು ಕಟ್ಟಿದ ಬಗ್‌ವರ್ಕ್ಸ್ ಹೊಸ ಆ್ಯಂಟಿಬಯೋಟಿಕ್ ಹುಡುಕಾಟದಲ್ಲಿದೆ. ಇಂಥ ಸಣ್ಣ ಕಂಪನಿ ಗೆದ್ದರೂ ಅಕೇಯೋಜೆನ್ ಹಾದಿ ಹಿಡಿಯುವ ಭಯ ಇದ್ದೇ ಇದೆ.

ನನ್ನ ಮಟ್ಟಿಗೆ, ಹಳೆಯ ಔಷಧಗಳ ಬೆಲೆಯಲ್ಲಿ ಪೈಪೋಟಿ ಇರಲಿ. ಕಡಿವಾಣ ಬೀಳಬೇಕಾದ್ದು ಪ್ರಚಾರಕ್ಕೆ, ಚೀಟಿಯಿಲ್ಲದ ಮಾರಾಟಕ್ಕೆ. ಹೊಸದಕ್ಕೆ ಚಂದಾ ಪದ್ಧತಿಯೇ ವಾಸಿ, ಒಂದು ಕರಾರಿನ ಮೇಲೆ: ಸರ್ಕಾರದ ಹಣ ಪಡೆದ ಕಂಪನಿ ಬಡ ದೇಶಗಳ ಆಸ್ಪತ್ರೆಗಳಿಗೂ ಕೈಗೆಟಕುವ ಬೆಲೆಗೆ ಔಷಧ ಒದಗಿಸಬೇಕು. ಆ ಕರಾರಿಲ್ಲದೆ ಬೊಕ್ಕಸದಿಂದ ಒಂದು ಪೈಸೆಯನ್ನೂ ಕೊಡಕೂಡದು.